ನೋಡಲು ಹೋದ ಮನೆ

ಮಾರ್ಚ್ 4

ಸುರಂಗದ ದೊರೆಗಳಿಗೆ,

ನೀವು ಅಲ್ಲಿ ಬೆಟ್ಟದ ಹೊಟ್ಟೆ ಅಳೆಯುತ್ತ ಕೂತಿದ್ದೀರಿ, ನಾನು ಇಲ್ಲಿ ಕಂಡವರ ಮನೆಯ ಗೋಡೆ ಅಳೆಯುತ್ತ ಬೀದಿ ಸುತ್ತುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ದನಿ ಮಾತಿಗೊಮ್ಮೆ ಮಾಯವಾಗುತ್ತದೆ. ಅದಕ್ಕೇ ಕಾಗದ. ಸಾವಧಾನವಾಗಿ ಓದಿ. ಮನೆ ಸಿಕ್ಕಿದೆ.

ಲೇತ್ ಕಾರ್ಖಾನೆಗಳ ಬೀದಿ. ಮೂಗು ಮುರಿಯಬೇಡಿ, ಈಗ ಅದು ಮೊದಲಿನ ಬೀದಿಯಲ್ಲ. ತುದಿಯಲ್ಲಿ ರೈಲು ನಿಲ್ದಾಣದ ಕೆಲಸ ಮುಗಿಯುತ್ತ ಬಂದಿದೆ. ಕಬ್ಬಿಣದ ಪುಡಿ ಮೆತ್ತಿದ್ದ ಒಂದು ಶೆಡ್ಡಿನಲ್ಲಿ ಈಗ ಗಾಜಿನ ಬಾಗಿಲಿನ ಕಾಫಿ ಅಂಗಡಿ ಬಂದಿದೆ, ಪಕ್ಕದಲ್ಲಿ ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿ. ನಾಯಿಗೆ ನಿಮಗಿಂತ ಒಳ್ಳೆಯ ಕಟಿಂಗ್ ಮಾಡುತ್ತಾರೆ. ಇನ್ನೂ ಅಲ್ಲೊಂದು ಇಲ್ಲೊಂದು ಲೇತ್ ತಿರುಗುತ್ತಿದೆ. "ಸದ್ಯಕ್ಕೆ ಸ್ವಲ್ಪ ಸದ್ದಿದೆ ಮೇಡಂ, ಸದ್ಯಕ್ಕೆ ಚರಂಡಿ ತೆರೆದಿದೆ, ಸದ್ಯಕ್ಕೆ ದೀಪ ಇಲ್ಲ," ಎನ್ನುತ್ತ ನಡೆಯುವ ದಲ್ಲಾಳಿಗೆ ನಾನೂ ನಿಮ್ಮ ತಂಗಿಯೂ 'ಸದ್ಯಕ್ಕೆ' ಎಂದೇ ಹೆಸರಿಟ್ಟಿದ್ದೇವೆ. ಈಗ ಕೊಂಡರೆ ಕೊಂಡ ಹಾಗೆ, ನಿಲ್ದಾಣ ಮುಗಿದರೆ ಆ ಬೀದಿಯ ಕಡೆ ನಮ್ಮಂಥವರು ತಲೆ ಹಾಕುವಂತಿಲ್ಲ.

ನೆಲಮಹಡಿಯ ಮನೆ. ಮುಂದೆ ಹಜಾರ, ಹಿಂದೆ ಎರಡು ಕೋಣೆ, ಬಟ್ಟೆ ಒಣಗಿಸುವಷ್ಟು ಹಿತ್ತಿಲು. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ, ಅದು ಸಾಕು ನನಗೆ. ತಾಯಿ ಮಗಳು ಬಾಡಿಗೆಗಿದ್ದಾರೆ. ಮಗಳು ಕೆಲಸಕ್ಕೆ ಹೋಗಿದ್ದಳು. ಗೋಡೆಯ ಮೇಲೆ ಒಂದೂ ಫೋಟೊ ಇಲ್ಲ, ಬರೀ ಮೊಳೆ. ನೋಡಲು ಬರುವವರ ಕಣ್ಣಿಗೆ ಅಡ್ಡ ಬರಬಾರದೆಂದು ನಮ್ಮ 'ಸದ್ಯಕ್ಕೆ'ಯೇ ಎಲ್ಲ ತೆಗೆಸಿಡುತ್ತಾನಂತೆ. ಒಂದು ಕೋಣೆಯ ಕದ ಮುಚ್ಚಿತ್ತು. "ಅಲ್ಲಿ ಅಜ್ಜಿ ಮಲಗಿದಾರೆ ಮೇಡಂ. ಕಿವಿ ಕೇಳ್ಸಲ್ಲ, ನೀವು ಆರಾಮಾಗಿ ಮಾತಾಡಿ," ಎಂದ.

ನಾವೂ ಆರಾಮಾಗಿ ಮಾತಾಡಿದೆವು. ಮನೆ ತುಂಬ ನೋವಿನ ಮುಲಾಮಿನ ಘಾಟು. ನಿಮ್ಮ ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಈ ವಾಸನೆ ಗಾರೆಗೇ ಇಳಿದುಬಿಟ್ಟಿದೆ, ಇವರು ಹೋದ್ಮೇಲೆ ಗೋಡೆ ಕೆರೆಸಿದ್ರೂ ಹೋಗಲ್ಲ," ಅಂದೆ. ಬೀರು ಎಷ್ಟು ಆಳವಿದೆ ಎಂದು ತೆಗೆದು ನೋಡಿದೆ. ಕೊನೆಗೆ, "ಅಜ್ಜಿ ಮನೆ ಜೊತೆಗೇ ಬರ್ತಾರಾ, ಇಲ್ಲ ಬೇರೆ ಲೆಕ್ಕಾನಾ?" ಎಂದು ಕೇಳಿದೆ ನೋಡಿ, 'ಸದ್ಯಕ್ಕೆ' ಗೋಡೆಗೆ ಒರಗಿಕೊಂಡು ನಕ್ಕ.

ಆಸ್ಪತ್ರೆಯಲ್ಲಿ ಎಂದಿನಂತೆ. ಇವತ್ತು ಕಿವಿ ಪರೀಕ್ಷೆಗೆ ಬಂದ ಒಬ್ಬ ತಾತ ನಾನು ಸದ್ದು ಬಿಡುವ ಮೊದಲೇ ಗುಂಡಿ ಒತ್ತುತ್ತಿದ್ದರು. ಯಾಕೆ ತಾತ ಎಂದರೆ, "ಹೇಗಿದ್ರೂ ಬರತ್ತಲ್ಲಮ್ಮ," ಎಂದರು.

ಮುಂಗಡ ಕೊಡಲು ಮುಂದಿನ ತಿಂಗಳವರೆಗೆ ಸಮಯವಿದೆ. ನಿಮ್ಮ ಒಂದು ಮಾತು ಬೇಕು.

ಕಾಯುತ್ತಿರುವ,
ನಿಮ್ಮವಳು


ಮಾರ್ಚ್ 12

ಭಾವೀ ಮನೆಯೊಡತಿಗೆ,

ಬಿಸಿಲು ಬರುವ ಅಡುಗೆಮನೆ ಎಂದೆಯಲ್ಲ, ಬಿಸಿಲಿನ ಮುಖ ಕಾಣದ ನನಗೆ ಅಷ್ಟೇ ಸಾಕು. ಕೊಂಡುಬಿಡೋಣ. ಬ್ಯಾಂಕಿನವರು ಒಪ್ಪಿದ್ದಾರೆ, ಇನ್ನೇನು ಬೇಕು. ಗೋಡೆಯ ಬುಡ ಒದ್ದೆಯಿದೆಯೇ ಎಂದು ಮಾತ್ರ ಮುಟ್ಟಿ ನೋಡು.

ಇನ್ನೊಂದು. ಬಾಡಿಗೆಯವರು ಎಲ್ಲಿಗೆ ಹೋಗುತ್ತಾರೆ, ಮನಸ್ಸಿನಿಂದ ಬಿಡುತ್ತಾರೆಯೇ, ವಿಚಾರಿಸು. ಯಾರದೋ ಕಣ್ಣೀರಿನ ಮೇಲೆ ಕಾಲಿಟ್ಟು ಒಳಗೆ ಹೋಗುವುದು ನನಗೆ ಆಗದು. ಆ ಅಜ್ಜಿಯ ಬಗ್ಗೆ ನೀನು ಮಾಡಿದ ಜೋಕು ಓದಿ ಜೋರಾಗಿ ನಕ್ಕೆ. ಆಮೇಲೆ ಊಟಕ್ಕೆ ಕೂತಾಗ ಯಾಕೋ ಇನ್ನೊಮ್ಮೆ ನೆನಪಾಯಿತು. ಆಗ ನಗು ಬರಲಿಲ್ಲ.

ಇಂತಿ,
ಬೆಟ್ಟದೊಳಗಿನ ಇಲಿ


ಮಾರ್ಚ್ 19

ಗುಬ್ಬಿ,

ಸಿಡುಕಿ ಬರೆಯುತ್ತಿದ್ದಾಳೆ. ಹೌದು, ಶಾಲೆಯಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಅದೇ ಸಿಡುಕಿ. ಗಾಬರಿಯಾಗಬೇಡ, ಸಹಾಯ ಕೇಳಲು ಬರೆಯುತ್ತಿಲ್ಲ. ವಿಳಾಸ ದಲ್ಲಾಳಿಯಿಂದ ತೆಗೆದುಕೊಂಡೆ. ನಿನ್ನ ಕಾಲು ಹಿಡಿಯುತ್ತೇನೆ ಎಂದುಕೊಂಡು ಅವನು ಖುಷಿಯಿಂದಲೇ ಕೊಟ್ಟ.

ಈ ತಿಂಗಳ ಮೊದಲಲ್ಲಿ ನೀನು ನೋಡಲು ಬಂದ ಮನೆಯಲ್ಲಿ ಬಾಡಿಗೆಗಿರುವವರು ನಾವು. ಮುಚ್ಚಿದ ಕದದ ಹಿಂದೆ ಮಲಗಿದ್ದವಳು ಅಮ್ಮ.

ಅಮ್ಮನ ಕಿವಿ ಚೆನ್ನಾಗಿದೆ. ಕಿವುಡಿ ಎಂದು ದಲ್ಲಾಳಿಗೆ ಹೇಳಿದ್ದು ಅವಳೇ. "ನೋಡೋಕೆ ಬರೋರು ಮುಖದ ಮುಂದೆ ನಿಜ ಹೇಳಲ್ಲ ಕಣೇ. ಯಾವಾಗ ಓಡಿಸ್ತಾರೆ ಅಂತ ನಮಗೆ ಗೊತ್ತಾಗೋದು ಹೀಗೇನೆ," ಅಂದಳು. ನನ್ನ ತಾಯಿಯ ತಲೆ ನಿನಗೆ ಗೊತ್ತಲ್ಲ. ಬಂದವರೆಲ್ಲರ ಮಾತನ್ನು ಕೇಳಿಸಿಕೊಂಡು, ಸಂಜೆ ನಾನು ಬಂದ ಮೇಲೆ ಒಬ್ಬೊಬ್ಬರ ದನಿಯಲ್ಲೂ ಆಡಿ ತೋರಿಸುತ್ತಿದ್ದಳು. ಬೆಲೆ ಇಳಿಸಲು ಛಾವಣಿಯಲ್ಲಿ ಇಲ್ಲದ ಬಿರುಕು ಹುಡುಕುವವರು, ಹಜಾರದಲ್ಲೇ ನಿಂತು ಜಗಳವಾಡುವ ಗಂಡ ಹೆಂಡತಿ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮನೆ ಕೈಬಿಡುತ್ತಿದೆ ಎಂಬ ಭಯವನ್ನು ನಾವು ಹೀಗೆ ನುಂಗುತ್ತಿದ್ದೆವು.

ನೀನು ಬಂದ ದಿನ ಕೇಳಿದರೆ, "ಇವತ್ತು ಯಾರೂ ಬರಲಿಲ್ಲ," ಅಂದಳು. ಮಾರನೆಯ ದಿನದಿಂದ ಮೊಣಕಾಲಿಗೆ ಮುಲಾಮು ಹಚ್ಚುವುದು ನಿಲ್ಲಿಸಿದಳು. ನನಗೆ ತಿಳಿಯಲಿಲ್ಲ. ಬಚ್ಚಲಿನಿಂದ ಏಳಲಾಗದೆ ಗೋಡೆ ಹಿಡಿದು ಕೂತಿದ್ದಾಗ ಗದರಿಸಿ ಕೇಳಿದೆ.

"ವಾಸನೆ ಬರತ್ತಂತೆ."

"ಯಾರಂದ್ರು?"

"ನಮ್ಮ ಗುಬ್ಬಿ."

ಸಾವಿರ ಜನರಿಗೆ ಅಂಥ ದನಿ ಇರುತ್ತದೆ ಎಂದು ಕೂಗಾಡಿದೆ. "ಅವಳಮ್ಮ ಕೆಲಸದಿಂದ ಬರೋವರೆಗೆ ದಿನಾ ನನ್ನ ಅಡುಗೆಮನೆ ಕಟ್ಟೆ ಮೇಲೆ ಕೂತು ಮಗ್ಗಿ ಒಪ್ಪಿಸಿದ ದನಿ. ನಂಗೆ ಗೊತ್ತಾಗಲ್ವಾ?" ಅಂದಳು. ಅಷ್ಟಾದರೂ ನೀನು ಆಡಿದ್ದನ್ನೆಲ್ಲ ಹೇಳಲಿಲ್ಲ. ಬೇರೆ ಲೆಕ್ಕದ ಮಾತನ್ನು ನನಗೆ ಹೇಳಿದವನು ದಲ್ಲಾಳಿ. ಅವನು ಅದನ್ನು ಈಗ ಊರೆಲ್ಲ ಹೇಳಿಕೊಂಡು ನಗುತ್ತಾನೆ.

ಸಿಟ್ಟು ಬಂತು. ಆದರೆ ಅದಕ್ಕೂ ಮೊದಲು ನಾಚಿಕೆಯಾಯಿತು, ಸುಳ್ಳೇಕೆ. ಅಪ್ಪನ ಅಂಗಡಿ ಮುಳುಗಿ ಸ್ವಂತ ಮನೆ ಹೋದದ್ದು ನಿನಗೆ ಗೊತ್ತಾಗಬಾರದೆಂದೇ ನಾನು ನಿನ್ನ ಫೋನು ಎತ್ತುವುದನ್ನು ಬಿಟ್ಟದ್ದು. ಅಷ್ಟು ಜೋಪಾನ ಮಾಡಿ ಮುಚ್ಚಿಟ್ಟದ್ದನ್ನು ನೀನು ಬೀರು ತೆಗೆದು ನೋಡಿ ಹೋದೆ.

ನಾನೀಗ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆ. ಪಕ್ಕದ ಸೀಟಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕು ಇರುತ್ತದೆ, ಅವರು ಗೋಡೆಗೆ ಗುದ್ದುವ ಮೊದಲು ನಾನು ಒತ್ತುತ್ತೇನೆ. ಅವತ್ತು ನಿನ್ನ ಪಕ್ಕದಲ್ಲಿ ಬ್ರೇಕು ಒತ್ತುವವರು ಯಾರೂ ಇರಲಿಲ್ಲವೇನೋ.

ಉತ್ತರ ಬೇಕಾಗಿಲ್ಲ.

ಇಂತಿ,
ಬಾಡಿಗೆಯವಳು


ಮಾರ್ಚ್ 23

ಸಿಡುಕಿ,

ಬರೆದು ಬರೆದು ಹರಿದು ಹಾಕಿದೆ. ಒಂದರಲ್ಲಿ ದಲ್ಲಾಳಿಯನ್ನು ಬೈದಿದ್ದೆ, ಇನ್ನೊಂದರಲ್ಲಿ ನಿಮ್ಮ ಮನೆಯೆಂದು ನನಗೆ ಗೊತ್ತಿರಲಿಲ್ಲ ಎಂದಿದ್ದೆ. ಓದಿ ನೋಡಿದಾಗ ಹೇಸಿಗೆಯಾಯಿತು. ಅಮ್ಮನಲ್ಲದೆ ಬೇರೆ ಯಾರೋ ಅಜ್ಜಿ ಆಗಿದ್ದರೆ ಸರಿಯಾಗುತ್ತಿತ್ತು ಎಂದು ಬರೆದ ಹಾಗಿತ್ತು.

ಕಿವಿ ಕೇಳಿಸುವುದಿಲ್ಲ ಎನ್ನುವವರನ್ನು ದಿನಾ ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡುವುದು ನನ್ನ ಕೆಲಸ. ಯಂತ್ರ ಹಾಕಿ ನೋಡದೆ ಯಾರ ಮಾತನ್ನೂ ನಾನು ನಂಬುವುದಿಲ್ಲ. ಅವತ್ತು ಕದವನ್ನೂ ತಟ್ಟದೆ ನಂಬಿದೆ. ನಂಬಿದರೆ ಅನುಕೂಲವಿತ್ತು, ಅಷ್ಟೇ.

ಬರುವ ಭಾನುವಾರ ಬರುತ್ತೇನೆ. ನೀನು ಬೇಡವೆಂದರೂ ಬರುತ್ತೇನೆ. ಅಮ್ಮನಿಗೆ ಮುಲಾಮು ಹಚ್ಚಿಕೊಳ್ಳಲು ಹೇಳು, ಕೈಮುಗಿಯುತ್ತೇನೆ.

ಗುಬ್ಬಿ


ಮಾರ್ಚ್ 31

ಇವರಿಗೆ,

ಸಿಡುಕಿಯ ಕಾಗದ ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ನಿನ್ನೆ ಹೋಗಿದ್ದೆ. ಸಿಡುಕಿ ಕದ ತೆಗೆದು, ಬಾ ಎಂದೂ ಅನ್ನದೆ ಹೋಗು ಎಂದೂ ಅನ್ನದೆ ಪಕ್ಕಕ್ಕೆ ಸರಿದಳು. ತೆಳ್ಳಗಾಗಿದ್ದಾಳೆ. ಅಮ್ಮ ಹಜಾರದಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಮೊಳೆಗಳಿಗೆ ಫೋಟೊಗಳು ವಾಪಸ್ಸು ಬಂದಿದ್ದವು. ಅವುಗಳಲ್ಲೊಂದರಲ್ಲಿ ಎರಡು ಜಡೆ ಹಾಕಿಕೊಂಡ ನಾನೂ ಇದ್ದೆ.

ಕಾಲ ಬಳಿ ಕೂತು, "ಅಮ್ಮ, ನನ್ನಿಂದ ತಪ್ಪಾಯ್ತು," ಅಂದೆ.

ಅಮ್ಮ ಕಿವಿಗೆ ಕೈ ಹಿಡಿದರು. "ಏನಮ್ಮಾ? ಕಿವಿ ಕೇಳ್ಸಲ್ಲ ನಂಗೆ."

ಸಿಡುಕಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅಮ್ಮನಿಗೆ ಕೇಳಿಸುತ್ತದೆ ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವರಿಗೂ ಗೊತ್ತು. ಇನ್ನೊಮ್ಮೆ ಹೇಳಿದೆ.

"ಜೋರಾಗಿ ಹೇಳು. ವಯಸ್ಸಾಯ್ತು ನೋಡು."

ಕಿಟಕಿ ತೆರೆದಿತ್ತು. ಎದುರಿನ ಶೆಡ್ಡಿನಲ್ಲಿ ಲೇತ್ ತಿರುಗುತ್ತಿತ್ತು. ಅದರ ಸದ್ದಿಗಿಂತ ಮೇಲೆ ಕೂಗಿದೆ, ತಪ್ಪಾಯ್ತಮ್ಮ ಎಂದು. "ಏನು ತಪ್ಪು?" ಎಂದು ಕೇಳಿದರು. ಏನು ತಪ್ಪು ಎಂಬುದನ್ನೂ ಕೂಗಿ ಹೇಳಬೇಕಾಯಿತು. ವಾಸನೆಯ ಮಾತು, ಬೀರು ತೆಗೆದದ್ದು, ಕೊನೆಗೆ ಆ ಬೇರೆ ಲೆಕ್ಕದ ಮಾತು. ಅದನ್ನು ಹೇಳುವ ಹೊತ್ತಿಗೆ ಲೇತ್ ನಿಂತಿತ್ತು. ಶೆಡ್ಡಿನವರು ಕೈ ಒರೆಸಿಕೊಳ್ಳುತ್ತ ಈ ಕಡೆಯೇ ನೋಡುತ್ತಿದ್ದರು. ಆ ನಿಶ್ಶಬ್ದದಲ್ಲಿ ನನ್ನ ಮಾತು ನನಗೇ ವಾಪಸ್ಸು ಬಂತು. ಅವತ್ತು ಅದನ್ನು ಆಡಿ ನಕ್ಕಿದ್ದೆ ಎಂಬುದನ್ನು ನನಗೇ ನಂಬಲಾಗಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯದೆ ಸೀರೆಯ ಅಂಚು ಹಿಡಿದುಕೊಂಡು ಕೂತೆ.

"ಈಗ ಕೇಳಿಸ್ತು," ಎಂದರು ಅಮ್ಮ, ಮಾಮೂಲಿ ದನಿಯಲ್ಲಿ. "ಏಳು, ನೆಲ ತಣ್ಣಗಿದೆ."

ಆಮೇಲೆ ಅದರ ಮಾತೇ ಇಲ್ಲ. ನಿಮ್ಮ ಕೆಲಸ ಕೇಳಿದರು. ಬೆಟ್ಟದ ಒಳಗೆ ಉಸಿರಾಡಲು ಆಗುತ್ತದೆಯೇ ಎಂದರು. ಹೊರಡುವಾಗ ಹತ್ತಿರ ಕರೆದು ಮನೆಯ ವಿಷಯ ಎತ್ತಿದರು.

"ನೀನೇ ತಗೋ ಗುಬ್ಬಿ. ಯಾರಾದ್ರೂ ತಗೊಳ್ಳೋದೇ, ನೀನೇ ತಗೋ. ಜೂನ್‌ನಲ್ಲಿ ನನ್ನ ಮೊಣಕಾಲು ಆಪರೇಷನ್ನು. ಎದ್ದು ಓಡಾಡೋ ತನಕ, ಒಂದಾರು ತಿಂಗಳು, ಇಲ್ಲಿರೋಕೆ ಬಿಡು. ಬಾಡಿಗೆ ಕೊಡ್ತೀವಿ. ಬೇರೆಯೋರನ್ನ ಹೀಗೆ ಕೇಳೋಕೆ ನಂಗೆ ಬಾಯಿ ಬರಲ್ಲ."

ಸಿಡುಕಿ, "ಅಮ್ಮಾ, ಸಾಕು," ಎಂದು ಗದರಿದಳು. ಅವಳ ಕಿವಿ ಕೆಂಪಾಗಿತ್ತು. ನಾನು ಹೂಂ ಎಂದೆನೋ, ತಲೆ ಆಡಿಸಿದೆನೋ, ನೆನಪಿಲ್ಲ. ಅಮ್ಮನಿಗೆ ಮಾತ್ರ ಹೂಂ ಎಂದ ಹಾಗೆ ಕೇಳಿಸಿರಬೇಕು, ನನ್ನ ಕೈ ಹಿಡಿದು ಒತ್ತಿದರು.

ಈಗ ಹೇಳಿ. ಕೊಂಡರೆ ಪ್ರತಿ ತಿಂಗಳು ಬಾಡಿಗೆಗೆಂದು ಆ ಬಾಗಿಲಲ್ಲಿ ನಿಲ್ಲಬೇಕು. ಸಿಡುಕಿ ಹಣ ಎಣಿಸಿಕೊಟ್ಟು ಪಕ್ಕಕ್ಕೆ ಸರಿಯುತ್ತಾಳೆ. ಎದುರು ಶೆಡ್ಡಿನವರು ನೋಡುತ್ತಾರೆ. ಆರು ತಿಂಗಳಾದ ಮೇಲೆ ಹೋಗಿ ಎಂದು ಹೇಳಬೇಕಾದವಳೂ ನಾನೇ.

ನಿಮ್ಮವಳು


ಏಪ್ರಿಲ್ 9

ನನ್ನವಳಿಗೆ,

ಎರಡೂ ಕಾಗದ ಓದಿದೆ. ಆ ಜೋಕಿಗೆ ನಾನೂ ನಕ್ಕಿದ್ದೇನೆ, ಆದ್ದರಿಂದ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಮನೆಯ ವಿಷಯ ಮಾತ್ರ ಇದರಲ್ಲಿ ಯೋಚಿಸುವಂಥದ್ದೇನಿದೆ ಹೇಳು. ಈ ಸುರಂಗ ಮುಗಿಯುವುದೇ ಬರುವ ವರ್ಷ. ಆರು ತಿಂಗಳಲ್ಲ, ಒಂದು ವರ್ಷವಾದರೂ ಇರಲಿ. ಬಾಡಿಗೆ ಬೇಕಾದರೆ ಬ್ಯಾಂಕಿಗೇ ಕಟ್ಟಲಿ, ನೀನು ಬಾಗಿಲಲ್ಲಿ ನಿಲ್ಲುವುದೂ ಬೇಡ. ಮುಂಗಡದ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದೇನೆ. ಕೊಟ್ಟುಬಿಡು.

ನಿನ್ನವ


ಆಗಸ್ಟ್ 20

ಗುಬ್ಬಿ,

ನಿನ್ನಿಂದ ಒಂದು ಸಾಲು ಬರಬಹುದೆಂದು ಅಮ್ಮ ಬಹಳ ದಿನ ಕಾದಳು. ನಾನು ಕಾಯಲಿಲ್ಲ ಎಂದು ಬರೆಯೋಣವೆಂದುಕೊಂಡೆ. ನಾನೂ ಕಾದೆ.

ನೀನು ಬೇಡವೆಂದದ್ದನ್ನು ದಲ್ಲಾಳಿ ಏಪ್ರಿಲ್ ಕೊನೆಯಲ್ಲಿ ಹೇಳಿದ. ಅದಾದ ವಾರದಲ್ಲೇ ಬೇರೆಯವರು ಮುಂಗಡ ಕೊಟ್ಟರು. ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಕೆಟ್ಟವರಲ್ಲ, ಬಂದು ಕೈಮುಗಿದೇ ಮಾತಾಡಿದರು. ಹಜಾರವನ್ನೂ ಹಿಂದಿನ ಕೋಣೆಯನ್ನೂ ಒಡೆದು ಒಂದು ಮಾಡಿ ಆಫೀಸು ಮಾಡುತ್ತಾರಂತೆ. ಜೂನ್‌ನಲ್ಲಿ ಕೆಲಸ ಶುರುವಾಗಬೇಕಿತ್ತು. ಅವರಿಗೆ ಅವರ ಅವಸರ.

ಆಪರೇಷನ್ ಆದವರು ಮಲಗಲು ಒಂದು ಮನೆ ಬೇಕಲ್ಲ. ಮುಂದಕ್ಕೆ ಹಾಕಿದೆವು. ಮಳೆಯಲ್ಲೇ ಸಾಮಾನು ಸಾಗಿಸಿದೆ, ಕಾರು ಕಲಿಯುವ ಹೆಂಗಸರೇ ಬಂದು ಎತ್ತಿಕೊಟ್ಟರು. ಸಿಕ್ಕಿದ್ದು ಊರ ಹೊರಗೆ, ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹತ್ತಿಸಿದೆವು. ಹತ್ತಿದವಳು ಇನ್ನೂ ಇಳಿದಿಲ್ಲ. ಆಪರೇಷನ್ನಿಗೆ ಆಸ್ಪತ್ರೆಯವರು ಹೊಸ ದಿನ ಕೊಟ್ಟಿಲ್ಲ. ಹಳೆಯ ಬೀದಿಯ ಹೆಂಗಸರು ಕಲಿಯಲು ಇಷ್ಟು ದೂರ ಬರುವುದಿಲ್ಲ, ಹೊಸಬರನ್ನು ಹುಡುಕುತ್ತಿದ್ದೇನೆ.

ನೀನು ಅವತ್ತು ಆಡಿದ ಮಾತಿಗೆ ಅಮ್ಮ ನಿನ್ನನ್ನು ಕೂಗಿಸಿ, ಅಲ್ಲಿಗೇ ಮುಗಿಸಿದ್ದಳು. ನಾನು ಆ ದಿನ ಅವಳ ಮೇಲೆ ಸಿಟ್ಟಾಗಿದ್ದೆ, ಇಷ್ಟು ಸುಲಭದಲ್ಲಿ ಬಿಟ್ಟೆಯಲ್ಲ ಎಂದು. ಈಗ ಅದರ ಬಗ್ಗೆ ನನಗೆ ಏನೂ ಅನ್ನಿಸುವುದಿಲ್ಲ. ಈ ಕಾಗದ ಅದಕ್ಕಲ್ಲ.

ಇಲ್ಲಿಯ ಅಕ್ಕಪಕ್ಕದವರು, ಆ ಮನೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಅಮ್ಮ ಎಲ್ಲರಿಗೂ ಒಂದೇ ಮಾತು ಹೇಳುತ್ತಾಳೆ. "ನಮ್ಮ ಹುಡುಗೀನೇ ತಗೋಬೇಕಿತ್ತು. ಪಾಪ, ಏನೋ ತೊಂದರೆ ಆಗಿರಬೇಕು ಅವಳಿಗೆ. ಇಲ್ಲದಿದ್ರೆ ಬಿಡೋಳಲ್ಲ ಅವಳು." ಗಂಡನ ಕೆಲಸ ಹೋಗಿರಬಹುದು ಎಂದು ಒಂದು ದಿನ, ಸುರಂಗದಲ್ಲಿ ಏನಾದರೂ ಆಯಿತೋ ಎಂದು ಇನ್ನೊಂದು ದಿನ. ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಾಳೆ. ವಿಚಾರಿಸಿ ಬರೆ ಎಂದು ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಏನು ತೊಂದರೆಯಾಗಿತ್ತು ಗುಬ್ಬಿ?

ಸಿಡುಕಿ


ಆಗಸ್ಟ್ 28

ಸಿಡುಕಿ,

ಇವರು ಕ್ಷೇಮ. ಕೆಲಸವೂ ಇದೆ. ಅಮ್ಮ ಇವತ್ತೇ ನಿದ್ದೆ ಮಾಡಲಿ, ಮೊದಲು ಅದನ್ನು ಹೇಳು.

ದಲ್ಲಾಳಿಗೆ ನಾನು ಫೋನಿನಲ್ಲಿ ಬೇಡವೆಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಊಟದ ಗಂಟೆ ಮುಗಿಯುವುದರೊಳಗೆ. ಕಾರಣ ಕೇಳಿದಾಗ, ಅಲ್ಲಿರುವವರು ನಮಗೆ ಬೇಕಾದವರು, ಅವರನ್ನು ಎಬ್ಬಿಸಿ ನಾವು ಕೂರುವುದು ಸರಿಯಲ್ಲ ಎಂದೆ. ಇವರಿಗೂ ಹಾಗೇ ಬರೆದೆ. ಕೆಲಸದ ಜಾಗದಲ್ಲೂ ಹಾಗೇ ಹೇಳಿದೆ. ದೊಡ್ಡ ಡಾಕ್ಟರು, ಈ ಕಾಲದಲ್ಲಿ ಇಂಥ ಮನಸ್ಸು ಯಾರಿಗಿರುತ್ತದೆ ಎಂದು ಎಲ್ಲರ ಎದುರು ಹೊಗಳಿದರು. ನಾನು ತಲೆ ತಗ್ಗಿಸಿಕೊಂಡು ನಿಂತೆ, ಅಲ್ಲ ಎನ್ನಲಿಲ್ಲ. ಮನೆಗೆ ಬಂದು ಸುಖವಾಗಿ ಮಲಗಿದೆ. ಬಹಳ ದಿನದ ಮೇಲೆ ಅವತ್ತು ನಿದ್ದೆ ಬಂದಿತ್ತು.

ನೀವು ಅಲ್ಲೇ ಇದ್ದೀರಿ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಆ ಬೀದಿಯ ಕಡೆಗೇ ಹೋಗಲಿಲ್ಲ. ಅಲ್ಲಿಯ ರೈಲು ನಿಲ್ದಾಣ ಶುರುವಾದ ಮೇಲೂ, ಆಸ್ಪತ್ರೆಯಿಂದ ಬರುವಾಗ ಒಂದು ನಿಲ್ದಾಣ ಹಿಂದೆಯೇ ಇಳಿದು ನಡೆದು ಬರುತ್ತೇನೆ.

ಅಮ್ಮ ಕೇಳಿದ್ದು ಆರು ತಿಂಗಳು. ಕೊಡುವುದು ನನ್ನ ಕೈಯಲ್ಲಿತ್ತು. ಆದರೆ ಆ ಆರು ತಿಂಗಳು ನಿಮ್ಮಿಬ್ಬರ ಮುಖ ನೋಡಬೇಕಿತ್ತು. ಅಷ್ಟನ್ನು ತಪ್ಪಿಸಿಕೊಳ್ಳಲು ಮನೆ ಬಿಟ್ಟೆ, ಅದಕ್ಕೆ ದೊಡ್ಡ ಮನಸ್ಸು ಎಂದು ಹೆಸರಿಟ್ಟುಕೊಂಡೆ.

ಭಾನುವಾರ ಬಂದು ಅಮ್ಮನಿಗೆ ನಾನೇ ಹೇಳುತ್ತೇನೆ ಎಂದು ಬರೆಯಬೇಕು. ಬರೆಯಲು ಕೈ ಓಡುತ್ತಿಲ್ಲ. ಅದಕ್ಕೇ ನೀನೇ ಹೇಳು. ಅಕ್ಕಪಕ್ಕದವರ ಎದುರಿಗೇ ಹೇಳು, ಅವರಿಗೂ ಗೊತ್ತಾಗಲಿ. ಹಣ ಸಿದ್ಧವಿತ್ತು. ಬ್ಯಾಂಕಿನವರು ಒಪ್ಪಿದ್ದರು. ಇವರು ಸಹಿ ಹಾಕಿ ಕಳಿಸಿದ್ದರು, ಒಂದು ವರ್ಷವಾದರೂ ಇರಲಿ ಎಂದಿದ್ದರು.

ತೊಂದರೆ ಏನೂ ಇರಲಿಲ್ಲ ಎಂದು ಹೇಳು.

ಗುಬ್ಬಿ